ಸತ್ತ ಮರಿಯ ಡಬ್ಬಿಯಲ್ಲಿ ಏನಿತ್ತು: ಟರಾಂಟುಲಾ ಮರಿಗಳ ಸ್ಟಾರ್ಟರ್ ಕಿಟ್ ಮತ್ತು ಸಾದಾ ಕಪ್‌ಗಳ ವಿಮರ್ಶೆ

ಟರಾಂಟುಲಾ ಎಂಬ ದೊಡ್ಡ ರೋಮದ ಜೇಡವನ್ನು ಸಾಕುವವರಿಗಾಗಿ, ಅದರ ಮರಿಗಳಿಗೆಂದು ಬ್ರಿಟನ್, ಜರ್ಮನಿ, ಅಮೆರಿಕಗಳಲ್ಲಿ ಹತ್ತಾರು ಹೆಸರುಗಳಲ್ಲಿ ಮಾರಾಟವಾಗುವ ಸ್ಟಾರ್ಟರ್ ಕಿಟ್‌ಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ಅಯಸ್ಕಾಂತದ ಮುಚ್ಚಳದ, ಅಂಗೈಯಗಲದ ಅಕ್ರಿಲಿಕ್ ಪೆಟ್ಟಿಗೆ. ಒಂದೆರಡು ಹಿಡಿ ತೆಂಗಿನ ನಾರಿನ ಪುಡಿ. ಬಂಡೆಯಂತೆ ಕಾಣುವ ನೀರಿನ ತಟ್ಟೆ, ಪ್ಲಾಸ್ಟಿಕ್ ಎಲೆ, ಮುಳ್ಳಿನ ತೇವಮಾಪಕ, ಉದ್ದನೆಯ ಸ್ಟೀಲ್ ಚಿಮಟ. ಅದರೊಳಗೆ ಬಂದು ಸೇರುವ ಜೀವದ ಹೊಟ್ಟೆ ಸಾಸಿವೆ ಕಾಳಿನಷ್ಟು, ಕಾಲು ಚಾಚಿದರೆ ಕಿರುಬೆರಳ ಉಗುರಿನಷ್ಟು. ಸಾಕುವವರ ಬಾಯಲ್ಲಿ ಇದರ ಹೆಸರು ಸ್ಲಿಂಗ್.

ಈ ಮರಿ ಒಂದು ಬೆಳಗ್ಗೆ ಮುದುಡಿ ಬಿದ್ದಿದ್ದರೆ ಆಗುವ ಸಂಕಟ ನಿಜವಾದದ್ದು. ಬ್ರಾಕಿಪೆಲ್ಮಾ ಹಮೋರಿ ಎಂಬ ಟರಾಂಟುಲಾ ಜಾತಿಯ ಹೆಣ್ಣು 20 ವರ್ಷ ದಾಟಿ ಬದುಕಬಲ್ಲದು. ಅದನ್ನು ತಂದವರು ಅಷ್ಟೂ ವರ್ಷದ ಲೆಕ್ಕ ಹಾಕಿಯೇ ತಂದಿರುತ್ತಾರೆ. ಹಾಗಾಗಿ ಇಲ್ಲಿ ಕಿಟ್‌ನ ಒಂದೊಂದು ಸಾಮಾನನ್ನೂ ಮರಿಯ ಕಡೆಯಿಂದ ನೋಡಲಾಗಿದೆ: ಯಾವುದು ಜೀವ ಉಳಿಸುತ್ತದೆ, ಯಾವುದು ತೆಗೆಯುತ್ತದೆ. ಮರಿ ಕಳೆದುಕೊಂಡವರು ಬದಲಿಗೆ ಇನ್ನೊಂದನ್ನು ತರುವ ಮೊದಲು ಸತ್ತ ಮರಿಯ ಡಬ್ಬಿಯನ್ನು ತೊಳೆಯದೆ, ಅಲುಗಿಸದೆ, ಬೆಳಕಿಗೆ ಹಿಡಿದು ನೋಡಬೇಕು. ‘ಯಾಕೆ ಹೀಗಾಯಿತು’ ಎಂಬ ಪ್ರಶ್ನೆಗೆ ಉತ್ತರ ಇದ್ದರೆ ಬಹುಪಾಲು ಅಲ್ಲೇ ಇರುತ್ತದೆ.

ಅದಕ್ಕೂ ಮೊದಲು, ಮರಿ ಸತ್ತಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಬೆನ್ನ ಮೇಲೆ ಅಂಗಾತ ಮಲಗಿ ಕಾಲುಗಳನ್ನು ಸಡಿಲವಾಗಿ ಮೇಲಕ್ಕೆ ಚಾಚಿದ್ದರೆ ಅದು ಸಾವಲ್ಲ, ಪೊರೆ ಬಿಡುವ ಭಂಗಿ. ಮುಟ್ಟಬೇಡಿ, ಊದಬೇಡಿ, ನೀರು ಚಿಮುಕಿಸಬೇಡಿ. ಈ ಹೊತ್ತಿನಲ್ಲಿ ತಿರುಗಿಸಿ ನೆಟ್ಟಗೆ ಕೂರಿಸಲು ಹೋಗಿ ಬದುಕುವ ಮರಿಯನ್ನು ಕೊಂದವರು ಬಹಳ. ಸಾಯುತ್ತಿರುವ ಮರಿ ಸಾಮಾನ್ಯವಾಗಿ ನೆಟ್ಟಗೇ ಇರುತ್ತದೆ, ಆದರೆ ಎಂಟೂ ಕಾಲುಗಳು ಮೈಯ ಅಡಿಗೆ ಮುಷ್ಟಿಯಂತೆ ಮಡಚಿಕೊಂಡಿರುತ್ತವೆ. ಇದಕ್ಕೆ ಕಾರಣ ಜೇಡದ ಕಾಲಿನ ರಚನೆ. ಕಾಲನ್ನು ಮಡಚಲು ಅದಕ್ಕೆ ಸ್ನಾಯುಗಳಿವೆ. ಮುಖ್ಯ ಕೀಲುಗಳನ್ನು ಚಾಚಲು ಸ್ನಾಯುವಿಲ್ಲ, ದೇಹದ್ರವದ ಒತ್ತಡದಿಂದಲೇ ಅವು ಬಿಚ್ಚಿಕೊಳ್ಳಬೇಕು. ಮೈಯಲ್ಲಿ ನೀರು ಇಳಿದರೆ ಒತ್ತಡ ಇಳಿಯುತ್ತದೆ, ಕಾಲು ಒಳಕ್ಕೆ ಸುರುಟುತ್ತದೆ. ಅಂದರೆ ಮುದುಡಿದ ಮರಿಗಳಲ್ಲಿ ಕೆಲವು ಇನ್ನೂ ಬಾಯಾರಿ ಬಿದ್ದಿರುವ ಮರಿಗಳು.

ಅಂಥದ್ದಕ್ಕೆ ಹೀಗೆ ಮಾಡಿ. ಬಾಟಲಿಯ ಮುಚ್ಚಳದಲ್ಲಿ ಒಂದೇ ಮಿಲಿಮೀಟರಿನಷ್ಟು ನೀರು ಹಾಕಿ. ಮೆತ್ತನೆಯ ಚಿತ್ರಕಲೆಯ ಕುಂಚದಿಂದ ಮರಿಯನ್ನು ಎತ್ತಿ, ಮುಂಭಾಗ ಮಾತ್ರ ನೀರಿನ ಅಂಚಿಗೆ ತಾಗುವಂತೆ ಇರಿಸಿ. ಬಾಯಿ ಇರುವುದು ಕೋರೆಗಳ ಬುಡದಲ್ಲಿ. ಉಸಿರಾಡುವ ಎರಡು ಜೊತೆ ಪುಸ್ತಕ ಶ್ವಾಸಕೋಶಗಳು ಹೊಟ್ಟೆಯ ಅಡಿಭಾಗದ ಮುಂದಿನ ಅರ್ಧದಲ್ಲಿವೆ, ಆ ಭಾಗ ನೀರಿಗೆ ಇಳಿಯಬಾರದು. 5–6 ಮಿ.ಮೀ. ಮರಿಯಾದರೆ ಮುಚ್ಚಳವೂ ಕೆರೆಯೇ ಸರಿ. ಕುಂಚದ ತುದಿಯಲ್ಲಿ ನಿಂತ ಹನಿಯನ್ನು ಕೋರೆಯ ಬುಡಕ್ಕೆ ತಾಗಿಸಿದರೆ ಸಾಕು. ಕುಡಿಯುತ್ತಿದ್ದರೆ ಹನಿ ನಿಧಾನವಾಗಿ ಚಿಕ್ಕದಾಗುವುದು ಕಾಣುತ್ತದೆ. ಕಾಲಿನ ತುದಿಗಳು ಒಂದೊಂದಾಗಿ ಸಡಿಲವಾಗಲು ಕೆಲವು ಗಂಟೆ ಹಿಡಿಯಬಹುದು. ಒದ್ದೆ ಟಿಶ್ಯೂ ತುಂಬಿದ ಮುಚ್ಚಿದ ಡಬ್ಬಿಯಲ್ಲಿ ಇಡುವ ‘ಐಸಿಯು’ ಎಂಬ ಹಳೆಯ ಪದ್ಧತಿ ಈಗಲೂ ಬಳಕೆಯಲ್ಲಿದೆ. ಅದರಲ್ಲಿ ಗಾಳಿ ಆಡುವುದಿಲ್ಲ, ಮರಿಯ ಬಾಯಿಗೆ ನೀರೂ ಸಿಗುವುದಿಲ್ಲ. ಅದರ ಸಹವಾಸ ಬೇಡ. 24 ಗಂಟೆಯ ಮೇಲೂ ಬದಲಾವಣೆ ಇಲ್ಲದೆ, ಕಾಲುಗಳು ಕುಂಚಕ್ಕೆ ಜೋತುಬಿದ್ದು, ವಾಸನೆ ಅಥವಾ ಬೂಸ್ಟು ಶುರುವಾಗಿದ್ದರೆ ಆಸೆ ಬಿಡಬೇಕು.

ಇನ್ನೆರಡು ತಪ್ಪು ಗ್ರಹಿಕೆಗಳಿವೆ. ‘ಸತ್ತ ಜೇಡ’ ಎಂದು ತೋರಿದ್ದು ಬರಿಯ ಪೊರೆಯಾಗಿರಬಹುದು. ತಲೆಯ ಭಾಗದ ಚಿಪ್ಪು ಮುಚ್ಚಳದಂತೆ ತೆರೆದುಕೊಂಡು ಒಳಗೆ ಟೊಳ್ಳಾಗಿದ್ದರೆ ಮರಿ ಬೇರೆಲ್ಲೋ ಆರಾಮವಾಗಿದೆ. ಬಿಲದ ಬಾಯಿ ಮುಚ್ಚಿಕೊಂಡು ವಾರಗಟ್ಟಲೆ ಕಾಣದ ಮರಿಯೂ ಸತ್ತಿರಬೇಕೆಂದಿಲ್ಲ. ಗ್ರಾಮೋಸ್ಟೋಲಾ ಪುಲ್ಕ್ರಾದಂಥ ನಿಧಾನಗತಿಯ ಜಾತಿಗಳ ಮರಿಗಳು ಒಂದೆರಡು ತಿಂಗಳು ಉಪವಾಸ ಕೂರುವುದುಂಟು. ಅಗೆದು ನೋಡಬೇಡಿ. ಒಂದು ಮೂಲೆಯಲ್ಲಿ ನೀರು ಹಾಕುತ್ತಿರಿ, ಅಷ್ಟೇ.

ಈಗ ಕಿಟ್‌ಗೆ ಬರೋಣ. ಪೆಟ್ಟಿಗೆಯ ಮೊದಲ ದೋಷ ಅದರ ಗಾತ್ರ. 10 ಸೆಂ.ಮೀ. ಘನದ ಪೆಟ್ಟಿಗೆಯಲ್ಲಿ 6 ಮಿ.ಮೀ. ಮರಿಗೆ ಆಹಾರ ಸಿಗುವುದಿಲ್ಲ, ನಿಮಗೆ ಮರಿ ಸಿಗುವುದಿಲ್ಲ. ಹಾಕಿದ ಕೀಟ ಮಣ್ಣಿನಲ್ಲಿ, ಅಂದರೆ ತೆಂಗಿನ ನಾರಿನ ಪುಡಿಯಲ್ಲಿ, ಸೇರಿಹೋಗುತ್ತದೆ, ಮರಿ ತಿಂದಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಎರಡನೆಯದು ಗಾಳಿಯ ರಂಧ್ರ. ಟರಾಂಟುಲಾದ ತಲೆಚಿಪ್ಪು ತೂರುವ ಜಾಗದಲ್ಲಿ ಇಡೀ ಮೈ ತೂರುತ್ತದೆ, ಕಾಲಿನ ಅಗಲ ಲೆಕ್ಕಕ್ಕಿಲ್ಲ. ಇಂಥ ಪೆಟ್ಟಿಗೆಗಳ ರಂಧ್ರಗಳು ದೊಡ್ಡ ಜೇಡಕ್ಕೆ ಕೊರೆದಂಥವು. 2 ಮಿ.ಮೀ. ರಂಧ್ರ ಚಿಕ್ಕ ಮರಿಗೆ ಬಾಗಿಲಿದ್ದಂತೆ. ಮರಿ ‘ಮಾಯವಾಗಿದೆ’ ಎನ್ನುವವರು ಮೊದಲು ರಂಧ್ರವನ್ನು ಅಳೆಯಲಿ. ಮುಚ್ಚಳದ ಮೂಲೆಯಲ್ಲಿ ಅಂಚೆಕಾರ್ಡು ತೂರುವಷ್ಟು ಸಂದು ಇದೆಯೇ ಎಂದೂ ನೋಡಲಿ. ಹೊರಬಿದ್ದ ಮರಿ ಬಹಳ ದಿನ ಬಾಳುವುದಿಲ್ಲ. ಫ್ಯಾನು, ಹೀಟರು ಓಡುವ ಕೋಣೆಯ ಒಣಗಾಳಿಯಲ್ಲಿ ಅದರ ತೆಳು ಚರ್ಮದಿಂದ ನೀರು ಬೇಗ ಆರಿಹೋಗುತ್ತದೆ.

ಇಡೀ ವಿಷಯದ ತಿರುಳು ಇಲ್ಲೇ ಇದೆ. ದೊಡ್ಡ ಟರಾಂಟುಲಾದ ಹೊರಚರ್ಮದ ಮೇಲೆ ನೀರು ಹಿಡಿದಿಡುವ ಮೇಣದ ಪದರ ಚೆನ್ನಾಗಿರುತ್ತದೆ. ಮರಿಯಲ್ಲಿ ಅದು ತೆಳು, ಮೈಯ ಗಾತ್ರಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಬಹಳ ಹೆಚ್ಚು. ಮರುಭೂಮಿಯ ಜಾತಿಯ ಮರಿಯೂ ಮರಿಯಾಗಿರುವಾಗ ತೇವ ಬೇಡುತ್ತದೆ. ಅಂಗಡಿಯ ಚೀಟಿಯಲ್ಲಿ ‘ಒಣ ಜಾತಿ, ನೀರು ಬೇಡ’ ಎಂದು ಬರೆದದ್ದನ್ನು ನಂಬಿ ಹಮೋರಿಯ ಮರಿಗಳನ್ನು ಒಣಗಿಸಿ ಕೊಂದವರಿದ್ದಾರೆ. ಅದಕ್ಕೆ ಹೆದರಿ ಡಬ್ಬಿಯನ್ನೆಲ್ಲ ತೋಯಿಸಿ, ರಂಧ್ರಗಳನ್ನು ಟೇಪಿನಿಂದ ಮುಚ್ಚಿ, ಉಸಿರುಗಟ್ಟಿಸಿ ಕೊಂದವರೂ ಇದ್ದಾರೆ. ಮರಿಗೆ ಬೇಕಾದ್ದು ಒಂದು ಪಕ್ಕ ಒದ್ದೆ, ಇನ್ನೊಂದು ಪಕ್ಕ ಒಣ, ನಡುವೆ ಆಡುವ ಗಾಳಿ. ಎಲ್ಲಿ ಕೂರಬೇಕೆಂದು ಅದೇ ಆರಿಸಿಕೊಳ್ಳುತ್ತದೆ. ಬೆಲೆಬಾಳುವ ಕಿಟ್ ಪೆಟ್ಟಿಗೆ ಈ ಕೆಲಸವನ್ನು ಕೆಟ್ಟದಾಗಿ ಮಾಡುತ್ತದೆ. ಹೋಟೆಲಿನಲ್ಲಿ ಚಟ್ನಿ ಕಟ್ಟಿಕೊಡುವ ಕಪ್ ಚೆನ್ನಾಗಿ ಮಾಡುತ್ತದೆ.

ಆ ಕಪ್ 2 ಔನ್ಸಿನದು, ಸುಮಾರು 60 ಮಿ.ಲೀ. ಹಿಡಿಯುತ್ತದೆ. ನೆಲದ ಜಾತಿಗಳ 5ರಿಂದ 12 ಮಿ.ಮೀ. ಮರಿಗಳಿಗೆ ಇದಕ್ಕಿಂತ ಒಳ್ಳೆಯ ಮನೆ ಇಲ್ಲ. ಪಾಲಿಪ್ರೊಪಿಲೀನಿನದನ್ನು ಕೊಳ್ಳಿ. ಕೈಯಲ್ಲಿ ಒತ್ತಿದರೆ ಬಾಗಬೇಕು. ಗಾಜಿನಂತೆ ಹೊಳೆಯುವ ಪಾಲಿಸ್ಟೈರೀನಿನದು ಸೂಜಿ ತಾಗಿದೊಡನೆ ಬಿರುಕು ಬಿಡುತ್ತದೆ. ಕಾಸಿದ ಸೂಜಿಯಿಂದ ಗೋಡೆಯಲ್ಲಿ, ಮಣ್ಣಿನ ಮಟ್ಟಕ್ಕಿಂತ ಮೇಲೆ, ಸುತ್ತಲೂ 10–12 ರಂಧ್ರ ಮಾಡಿ. ಒಳಗಿನಿಂದ ಹೊರಕ್ಕೆ ಚುಚ್ಚಿದರೆ ಕರಗಿದ ಪ್ಲಾಸ್ಟಿಕ್ಕಿನ ಮೊನಚು ಅಂಚು ಹೊರಗೆ ಉಳಿಯುತ್ತದೆ, ಮರಿಯ ಕಾಲಿಗೆ ತಾಗುವುದಿಲ್ಲ. ಮುಚ್ಚಳದಲ್ಲಿ ಮಾತ್ರ ರಂಧ್ರವಿದ್ದರೆ ಸಾಲದು, ಗಾಳಿ ಅಡ್ಡ ಹಾಯಬೇಕು. ಕಪ್ಪಿನ ಅರ್ಧಕ್ಕೆ ಮಣ್ಣು ತುಂಬಿ ಬೆರಳಿನಿಂದ ಒತ್ತಿ. ಪೆನ್ಸಿಲಿನಿಂದ ಗೋಡೆಗೆ ಅಂಟಿಕೊಂಡಂತೆ ಓರೆಯಾಗಿ ಒಂದು ಕುಳಿ ಮಾಡಿಕೊಡಿ. ಮರಿ ಅದನ್ನೇ ಬಿಲ ಮಾಡಿಕೊಂಡರೆ ಹೊರಗಿನಿಂದ ಕಾಣುತ್ತದೆ, ಸತ್ತಿದೆಯೋ ಇದೆಯೋ ಎಂಬ ಆತಂಕ ಅರ್ಧ ತಪ್ಪುತ್ತದೆ. ಪಿಪೆಟ್ಟಿನಿಂದ ಒಂದು ಅಂಚಿಗೆ 1–2 ಮಿ.ಲೀ. ನೀರು ಇಳಿಸಿ. ಆ ಅಂಚಿನ ಬಣ್ಣ ಕಡುಕಂದಿನಿಂದ ತಿಳಿಗಂದಿಗೆ ತಿರುಗಿದಾಗ ಮತ್ತೆ ಹಾಕಿ. ಈ ಕಪ್ಪಿನ ದೋಷ ಮುಚ್ಚಳ. ಅದು ‘ಟಪ್’ ಎಂದು ಜಾರಿಕೊಂಡು ಬಿಚ್ಚುತ್ತದೆ. ಮುಚ್ಚಳದ ಅಂಚಿನಲ್ಲಿ ಕೂತ ಮರಿಯ ಕಾಲು ಮುಚ್ಚುವಾಗ ಸಿಕ್ಕಿಕೊಳ್ಳುತ್ತದೆ. ಬಿಚ್ಚುವ ಮುನ್ನ ಕಪ್ಪನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಮರಿ ಎಲ್ಲಿದೆ ಎಂದು ನೋಡುವುದು ರೂಢಿಯಾಗಬೇಕು. ಮರಿ 12 ಮಿ.ಮೀ. ದಾಟಿದ ಮೇಲೆ ಇದೇ ತರಹ ತಯಾರು ಮಾಡಿದ 5.5 ಔನ್ಸಿನ ಡೆಲಿ ಕಪ್ಪಿಗೆ ಹೋಗಬಹುದು.

40 ಡ್ರಾಮಿನ ಔಷಧಿ ಸೀಸೆ, ಅಂದರೆ ಸುಮಾರು 148 ಮಿ.ಲೀ., ಆಳಕ್ಕೆ ತೋಡುವ ಜಾತಿಗಳಿಗೆ ಹೇಳಿ ಮಾಡಿಸಿದಂತಿದೆ. 5ರಿಂದ 7 ಸೆಂ.ಮೀ. ಮಣ್ಣು ಹಿಡಿಯುತ್ತದೆ, ಕೆಳಗೆ ತೇವ ನಿಂತು ಮೇಲೆ ಒಣಗುತ್ತದೆ. ಆದರೆ ಅಂಗಡಿಗಳು ಇದನ್ನು ಮುಚ್ಚಳದಲ್ಲಿ ನಾಲ್ಕು ತೂತು ಮಾಡಿ, ಮರವೇರುವ ಜಾತಿಗಳ ಮರಿಗಳನ್ನೂ ಹಾಕಿ ಮಾರುತ್ತವೆ. ಅದು ತಪ್ಪು.

ಮರವೇರುವ ಜಾತಿಗಳ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಆವಿಕುಲೇರಿಯಾ ಗುಂಪಿನ ಮರಿಗಳ ಸಾವು ಸಾಕುವವರ ನಡುವೆ ಎಷ್ಟು ಸಾಮಾನ್ಯವೆಂದರೆ ಅದಕ್ಕೆ ‘ಹಠಾತ್ ಆವಿಕುಲೇರಿಯಾ ಸಾವು’ ಎಂಬ ಹೆಸರೇ ಬಿದ್ದಿದೆ. ರೋಗವೊಂದರ ಹೆಸರಿನಂತೆ ಕೇಳಿಸುತ್ತದೆ, ಆದರೆ ಅದು ರೋಗವಲ್ಲ. ‘ಮಳೆಕಾಡಿನ ಜೀವಿ, 80 ಶೇಕಡಾ ತೇವ ಬೇಕು’ ಎಂಬ ಚೀಟಿಯನ್ನು ಪಾಲಿಸಲು ಹೋಗಿ, ಗಾಳಿಯಿಲ್ಲದ ಡಬ್ಬಿಯನ್ನು ದಿನವೂ ಚಿಮುಕಿಸಿ ತೋಯಿಸಿದ್ದರ ಫಲ ಅದು. ಮಳೆಕಾಡಿನ ಮರದ ಮೇಲೆ ತೇವವಿದ್ದಂತೆ ಗಾಳಿಯೂ ಇದೆ. ಮಾರ್ಟಿನಿಕ್ ದ್ವೀಪದ ನೀಲಿ ಮರಿ, ಮೊದಲು ಆವಿಕುಲೇರಿಯಾ ಕುಲದಲ್ಲೇ ಇದ್ದು 2017ರಿಂದ ಕಾರಿಬೆನಾ ವರ್ಸಿಕಲರ್ ಎಂದು ಕರೆಯಲಾಗುತ್ತಿರುವುದು, ಇದಕ್ಕೆ ಬಲಿಯಾದ ಜಾತಿಗಳಲ್ಲಿ ಮುಖ್ಯವಾದದ್ದು. ಬಣ್ಣಕ್ಕೆ ಮರುಳಾಗಿ ಹೊಸಬರು ಕೊಳ್ಳುವ ಮೊದಲ ಮರಿಯೂ ಅದೇ ಆಗಿರುತ್ತದೆ.

ಇವುಗಳಿಗೆ ಒಗ್ಗುವುದು ಆಮ್ಯಾಕ್ ಪೆಟ್ಟಿಗೆ. ಅಮೆರಿಕದಲ್ಲಿ ಉಡುಗೊರೆ, ಮಿಠಾಯಿ ತುಂಬಲು ತಯಾರಾಗುವ ಗಟ್ಟಿ ಪಾರದರ್ಶಕ ಡಬ್ಬಿ. ಸಾಕುವವರು ಇದನ್ನು ತಲೆಕೆಳಗು ಮಾಡಿ ಬಳಸುತ್ತಾರೆ: ಮುಚ್ಚಳವೇ ನೆಲ, ಅದರಲ್ಲಿ 2 ಸೆಂ.ಮೀ. ಮಣ್ಣು, ಮೇಲೆ ಉದ್ದದ ಡಬ್ಬಿ. ಮರವೇರುವ ಮರಿ ಬಲೆಯನ್ನು ಮೇಲುಗಡೆ ನೇಯುವುದರಿಂದ ಪ್ರತಿ ಸಲ ಊಟ ಕೊಡುವಾಗ ಬಲೆ ಹರಿಯುವುದು ಈ ಉಪಾಯದಿಂದ ತಪ್ಪುತ್ತದೆ. ಗೋಡೆಗೆ ತೊಗಟೆಯ ಚೂರೊಂದನ್ನು ಒರಗಿಸಿ. ರಂಧ್ರಗಳನ್ನು ಸಾಲ್ಡರಿಂಗ್ ಐರನ್ನಿನಿಂದಲೇ ಮಾಡಬೇಕು, ಎದುರುಬದುರು ಗೋಡೆಗಳಲ್ಲಿ, ಮೇಲೊಂದು ಸಾಲು ಕೆಳಗೊಂದು ಸಾಲು. ಡ್ರಿಲ್ ಹಾಕಿದರೆ ಒಡೆಯುತ್ತದೆ. ಕರಗುವ ಪ್ಲಾಸ್ಟಿಕ್ಕಿನ ಹೊಗೆ ಕುಡಿಯದಂತೆ ಕಿಟಕಿ ತೆರೆದು ಕೆಲಸ ಮಾಡಿ. ಒಡೆಯುವ ಗುಣ ಮತ್ತು ಭಾರತ, ಯೂರೋಪುಗಳಲ್ಲಿ ಸುಲಭವಾಗಿ ಸಿಗದಿರುವುದು, ಇವೆರಡೇ ಇದರ ಕೊರತೆ.

ಮರವೇರುವ ಇನ್ನೊಂದು ಕುಲವಾದ ಪೊಸಿಲೊಥೀರಿಯಾದ ಮರಿಗಳಿಗೂ ಇದೇ ಡಬ್ಬಿ ಸರಿ, ಮಣ್ಣು ಮಾತ್ರ ಇನ್ನಷ್ಟು ಆಳವಿರಲಿ. ಮರಿಯಾಗಿದ್ದಾಗ ಇವು ಬುಡದಲ್ಲಿ ಅಡಗುತ್ತವೆ. ‘ಮೈಸೂರು ಆರ್ನಮೆಂಟಲ್’ ಎಂದು ಯೂರೋಪಿನ ಪಟ್ಟಿಗಳಲ್ಲಿ ಕಾಣುವ ಪೊಸಿಲೊಥೀರಿಯಾ ಸ್ಟ್ರಿಯಾಟಾ ನಮ್ಮ ಕಡೆಯದೇ. 1895ರಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಪೋಕಾಕ್ ಅದನ್ನು ವಿವರಿಸಿದ. ಈ ಇಡೀ ಕುಲ 2019ರಿಂದ, ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. ಹೊರದೇಶದಲ್ಲಿರುವವರು ಇದರ ಮರಿ ಕೊಳ್ಳುವಾಗ ಅಲ್ಲೇ ಸಾಕಿ ಮರಿ ಮಾಡಿದ್ದಕ್ಕೆ ದಾಖಲೆ ಕೇಳಲಿ. ಊರಿನಲ್ಲಿರುವವರು ಸತ್ತ ಮರಿಯ ಜಾಗ ತುಂಬಲೆಂದು ಘಟ್ಟದ ಮರದ ಪೊಟರೆಗೆ ಕೈ ಹಾಕಕೂಡದು. ಆ ಪೊಟರೆಯೊಂದೇ ಅದರ ಲೋಕ.

ಕಿಟ್‌ನ ತೆಂಗಿನ ನಾರಿನ ಪುಡಿ ಒಳ್ಳೆಯದೇ, ಆದರೆ ಅಳತೆ ಕಡಿಮೆ. ಝೂ ಮೆಡ್ ಕಂಪನಿಯ ಇಕೋ ಅರ್ತ್ ಇಟ್ಟಿಗೆ 650 ಗ್ರಾಂ ತೂಗುತ್ತದೆ, ನೀರಿನಲ್ಲಿ ನೆನೆದರೆ 7ರಿಂದ 8 ಲೀಟರ್ ಆಗುತ್ತದೆ. ನೂರು ಕಪ್ಪಿಗೂ ಮಿಕ್ಕುತ್ತದೆ. ಒಂದು ಮರಿಗೆ ಕಾಲು ಇಟ್ಟಿಗೆ ಒಡೆದರೂ ಹೆಚ್ಚು. ಹದ ಹೀಗಿರಲಿ: ಹಿಡಿದರೆ ಉಂಡೆಯಾಗಬೇಕು, ಬೆರಳಿನಿಂದ ತಟ್ಟಿದರೆ ಉದುರಬೇಕು, ತಂಬಿಟ್ಟಿನ ಹಿಟ್ಟಿನ ಹಾಗೆ. ಹಿಂಡಿದರೆ ಹನಿ ಹನಿಯಾಗಿ ಸುರಿದರೆ ತಟ್ಟೆಯಲ್ಲಿ ಹರಡಿ ಒಂದು ದಿನ ಆರಿಸಿ. ಬೆಂಗಳೂರಿನ ನರ್ಸರಿಗಳಲ್ಲಿ ಸಿಗುವ ಅಗ್ಗದ ಕೊಕೊಪೀಟ್ ಕೂಡ ಅದೇ ನಾರಿನದು, ಆದರೆ ಎರಡು ಎಚ್ಚರ ಬೇಕು. ತೊಳೆಯದ ನಾರಿನಲ್ಲಿ ಉಪ್ಪು ಉಳಿದಿರುತ್ತದೆ, ಮೂರು ನಾಲ್ಕು ನೀರಿನಲ್ಲಿ ತೊಳೆದು ಹಿಂಡಿ. ಬೇವಿನ ಹಿಂಡಿ ಬೆರೆಸಿದ್ದು ಮಾತ್ರ ಬೇಡವೇ ಬೇಡ. ಗಿಡಕ್ಕೆ ಕೀಟ ಬಾರದಿರಲೆಂದು ಬೆರೆಸಿದ್ದು ಜೇಡದ ಮರಿಗೆ ಒಳ್ಳೆಯದಾಗುವುದುಂಟೇ?

ನೀರಿನ ತಟ್ಟೆ ಚಂದ ಕಾಣುತ್ತದೆ, ಆದರೆ ಸಣ್ಣ ಕಪ್ಪಿನ ಅರ್ಧ ಜಾಗ ನುಂಗುತ್ತದೆ. ಬಾಟಲಿಯ ಮುಚ್ಚಳ ಸಾಕು. 1 ಸೆಂ.ಮೀ.ಗಿಂತ ಚಿಕ್ಕ ಮರಿಗೆ ತಟ್ಟೆಯೇ ಬೇಡ, ಗೋಡೆಯ ಮೇಲೆ ಬಿಟ್ಟ ಎರಡು ಹನಿಯನ್ನು ಅದು ಕುಡಿದುಕೊಳ್ಳುತ್ತದೆ. ತಟ್ಟೆಯಲ್ಲಿ ಸ್ಪಂಜು ಇಡಲು ಹೇಳುವ ಕಿಟ್‌ಗಳಿವೆ, ಅದು ಕೊಳೆಯುವ ತಾಣ. ಮುಳ್ಳಿನ ತೇವಮಾಪಕವನ್ನು ಎಸೆಯಿರಿ. ಹೀಟ್ ಮ್ಯಾಟ್ ಕೊಟ್ಟಿದ್ದರೆ ಡಬ್ಬಿಯ ಅಡಿಗೆ ಇಡಲೇಬೇಡಿ. ಸೆಕೆಯಾದರೆ ಜೇಡ ತಂಪಿಗಾಗಿ ಕೆಳಕ್ಕೆ ತೋಡುತ್ತದೆ, ಕೆಳಗೆ ಮ್ಯಾಟ್ ಇದ್ದರೆ ಬೆಂಕಿಯ ಕಡೆಗೇ ಹೋದಂತಾಗುತ್ತದೆ. ಮನುಷ್ಯರಿಗೆ ಹಿತವಾದ 21ರಿಂದ 27 ಡಿಗ್ರಿ ಸೆಲ್ಸಿಯಸ್ ಬಹುತೇಕ ಜಾತಿಗಳಿಗೆ ಸಾಕು.

ಕೆಲವು ಕಿಟ್‌ಗಳ ಜೊತೆ ಆಹಾರವೂ ಬರುತ್ತದೆ: ಮಿಡತೆಯಂಥ ಸಣ್ಣ ಹುಳು, ಅಂದರೆ ಕ್ರಿಕೆಟ್, ಇಲ್ಲವೇ ಮೀಲ್‌ವರ್ಮ್. ಮರಿಯ ಸಾವುಗಳಲ್ಲಿ ಇವುಗಳ ಪಾಲು ದೊಡ್ಡದು. ಪೊರೆ ಬಿಡಲು ಮಲಗಿದ ಮರಿಯನ್ನು ಹಸಿದ ಕ್ರಿಕೆಟ್ ತಿಂದುಹಾಕುತ್ತದೆ. ತಿನ್ನದೆ ಬಿಟ್ಟ ಮೀಲ್‌ವರ್ಮ್ ಮಣ್ಣಿನೊಳಗೆ ಹೊಕ್ಕು, ಕೋಶಾವಸ್ಥೆ ದಾಟಿ, ದುಂಬಿಯಾಗಿ ಹೊರಬರುತ್ತದೆ. ಸಣ್ಣ ಮರಿಗೆ ಕೊಂದ ಕೀಟವೇ ಸುರಕ್ಷಿತ. ಕ್ರಿಕೆಟ್ಟಿನ ಹಿಂಗಾಲು ಅಥವಾ ತಲೆ ಜಜ್ಜಿದ ಮೀಲ್‌ವರ್ಮಿನ 3 ಮಿ.ಮೀ. ತುಂಡನ್ನು ಬಿಲದ ಬಾಯಲ್ಲಿ ಇಡಿ. ವಾರಕ್ಕೆ ಎರಡು ಸಲ ಸಾಕು. ಹಾರಲಾಗದ ಹಣ್ಣುನೊಣಗಳೂ ಒಳ್ಳೆಯವು, ಜೀವಂತವಾಗಿ ಬಿಟ್ಟರೂ ಹಾನಿ ಮಾಡುವುದಿಲ್ಲ. ಆಹಾರ ಮರಿಯ ಹೊಟ್ಟೆಗಿಂತ ದೊಡ್ಡದಿರಬಾರದು. 24 ಗಂಟೆಯಲ್ಲಿ ಮುಟ್ಟದ್ದನ್ನು ತೆಗೆಯಿರಿ. ಹೊಟ್ಟೆ ಉಬ್ಬಿ, ಮಿರಮಿರನೆ ಹೊಳೆದು, ಹಿಂಭಾಗ ಕಪ್ಪಾಗುತ್ತಿದ್ದರೆ ಪೊರೆಯ ಕಾಲ ಬಂದಿದೆ, ಜೀವಂತ ಕೀಟ ಬೇಡ. ಪೊರೆ ಬಿಟ್ಟ ಮೇಲೆ ಕೋರೆಗಳು ಬಿಳಿಯಾಗಿ, ಮೆತ್ತಗಿರುತ್ತವೆ. ಅವು ಕಪ್ಪಾಗಿ ಗಟ್ಟಿಯಾಗಲು 5ರಿಂದ 7 ದಿನ ಕೊಡಿ.

ಚಿಮಟದ ಸ್ಟೀಲ್ ತುದಿಗೆ ಮರಿ ಕಚ್ಚಿದರೆ ಕೋರೆ ಮುರಿಯಬಹುದು. ಬಿದಿರಿನದೋ ಪ್ಲಾಸ್ಟಿಕ್ಕಿನದೋ ಇಟ್ಟುಕೊಳ್ಳಿ.

ಇಷ್ಟನ್ನು ತಿಳಿದ ಮೇಲೆ ಸತ್ತ ಮರಿಯ ಡಬ್ಬಿಗೆ ಮರಳಿ. ಮಣ್ಣು ಅಂಚಿನಿಂದ ಬಿಟ್ಟುಕೊಂಡು ಒಣಗಿದ್ದು, ಮರಿಯ ಹೊಟ್ಟೆ ಒಣದ್ರಾಕ್ಷಿಯಂತೆ ಸುಕ್ಕಾಗಿದ್ದರೆ ಅದು ನೀರಿನ ಕೊರತೆ. ಗೋಡೆಯ ತುಂಬ ಆವಿಯ ಹನಿ, ಮೂಗಿಗೆ ಕೊಳೆತ ವಾಸನೆ ಬಂದರೆ ಗಾಳಿಯ ಕೊರತೆ. ಹೊಟ್ಟೆಯಲ್ಲಿ ಬಿರುಕು, ತೇವದ ಕಲೆ ಕಂಡರೆ ಮೇಲಿನಿಂದ ಬಿದ್ದಿದೆ. ನೆಲದ ಜಾತಿಗೆ ಮಣ್ಣಿನಿಂದ ಮುಚ್ಚಳದವರೆಗಿನ ಎತ್ತರ ಕಾಲು ಚಾಚಿದ ಅಗಲದ ಒಂದೂವರೆ ಪಟ್ಟು ಮೀರಬಾರದು. ಅರ್ಧ ಪೊರೆಯಲ್ಲಿ ಸಿಕ್ಕಿಕೊಂಡು ಸತ್ತಿದ್ದರೆ ಪೊರೆ ಬಿಡುವ ದಿನದ ತೇವಕ್ಕಿಂತ ಅದಕ್ಕೆ ಹಿಂದಿನ ವಾರಗಳಲ್ಲಿ ಮೈಯಲ್ಲಿ ನೀರಿತ್ತೇ ಎಂಬುದನ್ನು ಯೋಚಿಸಿ. ಕೊನೆಯ ದಿನಗಳಲ್ಲಿ ಮರಿ ತೊಡರುತ್ತ, ನಡುಗುತ್ತ, ಕಾಲುಗಳ ಲಯ ತಪ್ಪಿ ನಡೆಯುತ್ತಿತ್ತೇ? ಹಾಗಿದ್ದರೆ ಕೀಟನಾಶಕದ ಶಂಕೆ ಬಲ. ನಾಯಿಗೆ ಹಚ್ಚುವ ಚಿಗಟದ ಔಷಧಿ, ಪ್ಲಗ್ಗಿಗೆ ಹಾಕುವ ಸೊಳ್ಳೆ ದ್ರವ, ಊರಿನಿಂದ ತಂದ ಸೊಳ್ಳೆಬತ್ತಿ, ಇರುವೆಗೆ ಗೆರೆ ಎಳೆಯುವ ಚಾಕ್, ಇವೆಲ್ಲ ಜೇಡಕ್ಕೂ ವಿಷ. ಔಷಧಿ ಹಚ್ಚಿದ ನಾಯಿಯನ್ನು ಸವರಿದ ಕೈಯಲ್ಲೇ ಡಬ್ಬಿ ತೆರೆದರೂ ಅಪಾಯವಿದೆ.

ಭೂತಗನ್ನಡಿ ಹಿಡಿದು ಬಾಯಿಯ ಭಾಗವನ್ನು ಒಮ್ಮೆ ನೋಡಲೇಬೇಕು. ಕೋರೆಗಳ ನಡುವೆ ಬಿಳಿಯ, ಅಂಟಂಟಾದ, ಮೊಸರಿನ ಕೆನೆಯಂಥದ್ದು ಕಂಡರೆ, ಮತ್ತು ಅದು ಅಲುಗಾಡುವಂತೆ ತೋರಿದರೆ, ಅದು ನೆಮಟೋಡ್ ಎಂಬ ದಾರಹುಳು. 2022ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ವಿಜ್ಞಾನಿಗಳು ಸಾಕುಟರಾಂಟುಲಾಗಳ ಬಾಯಲ್ಲಿ ಸಿಕ್ಕ ಇಂಥ ಹುಳುವೊಂದನ್ನು ಟಾರಾಂಟೊಬೆಲಸ್ ಜೆಫ್‌ಡೇನಿಯಲ್ಸಿ ಎಂದು ವಿವರಿಸಿದರು. ಹುಳು ಬಿದ್ದ ಜೇಡ ಕೋರೆಗಳ ಹಿಡಿತ ಕಳೆದುಕೊಂಡು ಉಪವಾಸದಿಂದ ಸಾಯುತ್ತದೆ. ನಂಬಬಹುದಾದ ಮದ್ದಿಲ್ಲ. ಡಬ್ಬಿ, ಮಣ್ಣು, ತೊಗಟೆ ಎಲ್ಲವನ್ನೂ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಾಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಅದೇ ಚಿಮಟ ಇನ್ನೊಂದು ಡಬ್ಬಿಗೆ ಇಳಿಯಕೂಡದು. ಬೇರೆ ಜೇಡಗಳಿದ್ದರೆ ಅವುಗಳಿಗೆ ಮೊದಲು ಊಟ ಕೊಟ್ಟು, ಶಂಕೆಯ ಡಬ್ಬಿಯನ್ನು ಕೊನೆಗೆ ಮುಟ್ಟಿ.

ಯಾವ ಗುರುತೂ ಸಿಗದೆ ಸಾಯುವ ಮರಿಗಳೂ ಇವೆ. ಲಾಸಿಯೊಡೋರಾ ಪರಾಹಿಬಾನಾದಂಥ ಜಾತಿ ಒಂದೇ ಮೊಟ್ಟೆಚೀಲದಲ್ಲಿ ಸಾವಿರಕ್ಕೂ ಮಿಕ್ಕಿ ಮೊಟ್ಟೆಯಿಡುವುದು, ಹೆಚ್ಚಿನವು ಉಳಿಯುವುದಿಲ್ಲ ಎಂಬ ಕಾರಣಕ್ಕೇ. ಡಬ್ಬಿಯಲ್ಲಿ ತಪ್ಪು ಕಾಣದಿದ್ದರೆ ತಪ್ಪನ್ನು ನಿಮ್ಮ ಮೇಲೆ ಎಳೆದುಕೊಳ್ಳಬೇಡಿ. ತಪ್ಪು ಕಂಡರೆ ಅದು ಒಂದು ರಂಧ್ರದ, ಒಂದು ಕ್ರಿಕೆಟ್ಟಿನ ತಪ್ಪು. ತಿದ್ದಿಕೊಳ್ಳಬಹುದಾದಷ್ಟೇ ದೊಡ್ಡದು.

‘ಒಂದು ಜೇಡಕ್ಕೆ ಇಷ್ಟು ಬೇಜಾರೇ’ ಎನ್ನುವ ಮಾತು ಮನೆಯಲ್ಲೇ ಬರುತ್ತದೆ. ಸುತ್ತಲಿನವರು ದುಃಖವೆಂದೇ ಒಪ್ಪದ ಇಂಥ ದುಃಖಕ್ಕೆ ದುಃಖದ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ಕೆನೆತ್ ಡೋಕಾ 1989ರಲ್ಲೇ ‘ಡಿಸ್‌ಎನ್‌ಫ್ರಾಂಚೈಸ್ಡ್ ಗ್ರೀಫ್’ ಎಂದು ಹೆಸರು ಕೊಟ್ಟು ಬರೆದಿದ್ದಾರೆ. ಬ್ರಿಟನ್ನಿನಲ್ಲಿರುವವರಿಗೆ ಬ್ಲೂ ಕ್ರಾಸ್ ಸಂಸ್ಥೆಯ ಪೆಟ್ ಲಾಸ್ ಸಪೋರ್ಟ್ ಸೇವೆ ಇದೆ: ಉಚಿತ, ಗುಟ್ಟು ಕಾಯುತ್ತದೆ, ಪ್ರಾಣಿ ಯಾವುದೆಂದು ತಾರತಮ್ಯವಿಲ್ಲ. ಅಮೆರಿಕದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಪಶುವೈದ್ಯ ವಿದ್ಯಾರ್ಥಿಗಳು ನಡೆಸುವ ದೂರವಾಣಿ ಸೇವೆಯಿದೆ. ಇವರು ಸಾಕಣೆಯ ಸಲಹೆ ಕೊಡುವವರಲ್ಲ, ಮಾತು ಕೇಳುವವರು. ಅದಕ್ಕಾಗಿಯೇ ಕರೆ ಮಾಡಿ. ಮರಿ ಮಗುವಿನದಾಗಿದ್ದರೆ ಗುಟ್ಟಾಗಿ ಬದಲಿ ಮರಿ ತಂದಿಡುವ ಉಪಾಯ ಬೇಡ. ಒಂದೇ ಜಾತಿಯ ಎರಡು ಮರಿಗಳ ಗಾತ್ರ, ಬಣ್ಣ ಒಂದೊಂದು ಪೊರೆಗೂ ಬೇರೆಯಾಗುತ್ತವೆ. ದಿನವೂ ನೋಡಿದ ಮಗುವಿನ ಕಣ್ಣು ಅದನ್ನು ಹಿಡಿಯುತ್ತದೆ.

ಮರಿಯನ್ನು ಉಳಿಸಿಕೊಳ್ಳಬೇಕೆನಿಸಿದರೆ ಸಣ್ಣ ಗಾಜಿನ ಸೀಸೆಯಲ್ಲಿ 70ರಿಂದ 80 ಶೇಕಡಾ ಎಥನಾಲ್ ತುಂಬಿ ಅದರಲ್ಲಿ ಇಡಿ. ಜಾತಿ, ಬಂದ ದಿನ, ಹೋದ ದಿನ, ಬಿಟ್ಟ ಪೊರೆಗಳ ಸಂಖ್ಯೆ ಇಷ್ಟನ್ನು ಪೆನ್ಸಿಲಿನಿಂದ ಬರೆದ ಚೀಟಿಯನ್ನೂ ಒಳಗೇ ಹಾಕಿ. ಪೆನ್ನಿನ ಶಾಯಿ ಮದ್ಯಸಾರದಲ್ಲಿ ಕರಗಿಹೋಗುತ್ತದೆ. ಹಳೆಯ ಪೊರೆಗಳನ್ನು ಒಣಗಿಸಿ ಬೆಂಕಿಪೊಟ್ಟಣದಲ್ಲಿ ಹತ್ತಿಯ ಮೇಲೆ ಇಡಬಹುದು. ಹೂವಿನ ಕುಂಡದಲ್ಲಿ ಮಣ್ಣು ಮಾಡುವುದಾದರೂ ಸರಿ.

ಇನ್ನು ಅಂಗಡಿಗಳ ‘ಜೀವಂತ ತಲುಪಿಸುವ ಭರವಸೆ’. ಅಮೆರಿಕದ ಸರಕಾರಿ ಅಂಚೆಯಲ್ಲಿ ಜೇಡ ಕಳಿಸುವಂತಿಲ್ಲ, ಹಾಗಾಗಿ ಒಂದೇ ರಾತ್ರಿಯಲ್ಲಿ ತಲುಪಿಸುವ ಖಾಸಗಿ ಕೊರಿಯರ್ ಖರ್ಚು ಎಷ್ಟೋ ಸಲ ಮರಿಯ ಬೆಲೆಯನ್ನೂ ಮೀರುತ್ತದೆ. ಭರವಸೆಯ ಷರತ್ತುಗಳನ್ನು ಹಣ ಕೊಡುವ ಮೊದಲೇ ಓದಿ. ಸಾಮಾನ್ಯವಾಗಿ ಮೊದಲ ಪ್ರಯತ್ನದಲ್ಲೇ ಪಾರ್ಸೆಲ್ ಪಡೆದಿರಬೇಕು, ಕೆಲವೇ ಗಂಟೆಗಳೊಳಗೆ ಸತ್ತ ಮರಿಯ ಫೋಟೊ ಕಳಿಸಬೇಕು. ಬದಲಿ ಮರಿ ಸಿಕ್ಕರೂ ಸಾಗಣೆ ಖರ್ಚು ನಿಮ್ಮದೇ ಆಗಿರುವುದುಂಟು. ವಾರದ ಮೇಲೆ ಸತ್ತರೆ ಈ ಭರವಸೆ ಅನ್ವಯಿಸುವುದಿಲ್ಲ. ಪಾರ್ಸೆಲ್ ಬಿಚ್ಚುವಾಗಿನಿಂದಲೇ ವಿಡಿಯೊ ಮಾಡಿ. ಟಿಶ್ಯೂವಿನ ಸುರುಳಿಯನ್ನು ಎಳೆಯದೆ, ಕುಂಚದಿಂದ ಪದರ ಪದರವಾಗಿ ಬಿಡಿಸಿ. ಮರಿ ಎಷ್ಟೋ ಸಲ ಟಿಶ್ಯೂವಿನ ಮಡಿಕೆಯಲ್ಲೇ ಇರುತ್ತದೆ. ಯಾವ ಅಂಗಡಿಗಾದರೂ ಕೇಳಬೇಕಾದ ಪ್ರಶ್ನೆ ಎರಡೇ: ಈ ಮರಿ ನಿಮ್ಮಲ್ಲಿ ಊಟ ಮಾಡಿದೆಯೇ, ಕೊನೆಯ ಪೊರೆ ಯಾವಾಗ ಬಿಟ್ಟಿತು? ಇವಕ್ಕೆ ತಾರೀಖು ಸಮೇತ ಉತ್ತರ ಕೊಡುವ ಅಂಗಡಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಸ್ಟಾರ್ಟರ್ ಕಿಟ್ಟನ್ನು ಕೊಳ್ಳದಿದ್ದರೆ ಆ ಕಾಸು ಹೇಗೂ ಉಳಿಯುತ್ತದೆ. ಈಗಾಗಲೇ ಕೊಂಡಿದ್ದರೆ ಪೆಟ್ಟಿಗೆಯನ್ನು ಎತ್ತಿಡಿ, ಮರಿ 4 ಸೆಂ.ಮೀ. ದಾಟಿದ ಮೇಲೆ ಅದು ಉಪಯೋಗಕ್ಕೆ ಬರುತ್ತದೆ.

ಬದಲಿ ಮರಿಗೆ ಹೇಳುವ ಮುನ್ನ ಹೊಸ ಕಪ್ಪನ್ನು ಮರಿಯಿಲ್ಲದೆ ಹತ್ತು ದಿನ ನಡೆಸಿ ನೋಡಿ. ಮಣ್ಣು ತುಂಬಿ, ಒಂದು ಅಂಚಿಗೆ 2 ಮಿ.ಲೀ. ನೀರು ಹಾಕಿ, ಮರಿ ಇಡುವ ಕಪಾಟಿನಲ್ಲೇ ಇಡಿ. ಎರಡೇ ದಿನಕ್ಕೆ ಪೂರ್ತಿ ಒಣಗಿದರೆ ನಾಲ್ಕು ರಂಧ್ರಕ್ಕೆ ಟೇಪು ಹಚ್ಚಿ. ಐದನೆಯ ದಿನವೂ ಗೋಡೆಯಲ್ಲಿ ಹನಿ ನಿಂತಿದ್ದರೆ ಇನ್ನೂ ಆರು ರಂಧ್ರ ಚುಚ್ಚಿ. ಒದ್ದೆ ಅಂಚು ಮೂರು ನಾಲ್ಕು ದಿನಕ್ಕೆ ತಿಳಿಗಂದಾಗಿ, ಗೋಡೆ ನಿರ್ಮಲವಾಗಿದ್ದರೆ ಕಪ್ ಸಿದ್ಧವಾಗಿದೆ.